ಮಗಳ ಮೊದಲ ಟ್ರಯಥ್ಲಾನ್

ಏಳು ವರ್ಷದ ಮಗುವಿಗೆ ಟ್ರಯಥ್ಲಾನ್ ಏಕೆ ಎಂದು ನಮ್ಮನ್ನು ಕೇಳಿದವರು ಹಲವರು. ಆ ಪದವನ್ನು ಕೇಳಿದೊಡನೆ ಅವರ ಕಣ್ಣ ಮುಂದೆ ನಿಲ್ಲುವುದು ಹವಾಯಿಯ ಐರನ್‌ಮ್ಯಾನ್ ಸ್ಪರ್ಧೆ. ಅದರಲ್ಲಿ ಸಮುದ್ರದಲ್ಲಿ 3.8 ಕಿ.ಮೀ. ಈಜಬೇಕು, 180 ಕಿ.ಮೀ. ಸೈಕಲ್ ತುಳಿಯಬೇಕು, ಅದರ ಬೆನ್ನಿಗೇ 42 ಕಿ.ಮೀ.ಗೂ ಹೆಚ್ಚು ಓಡಬೇಕು. ಅಂತಹದಕ್ಕೆ ಮಗುವನ್ನು ದೂಡುವ ಹೆತ್ತವರ ಬಗ್ಗೆ ಅನುಮಾನ ಮೂಡುವುದು ಸಹಜವೇ. ಆದರೆ ಮಕ್ಕಳ ಟ್ರಯಥ್ಲಾನಿನ ಅಳತೆಯೇ ಬೇರೆ. ಅಬುಧಾಬಿಯಲ್ಲಿ ನಮ್ಮ ಮಗಳು ಪಾಲ್ಗೊಂಡ ಸ್ಪರ್ಧೆಯಲ್ಲಿ ಅವಳ ವಯಸ್ಸಿನವರಿಗೆ ನಿಗದಿಯಾಗಿದ್ದುದು ಈಜುಕೊಳದಲ್ಲಿ 50 ಮೀಟರ್ ಈಜು, ವಾಹನ ಸಂಚಾರ ತಡೆದ ದಾರಿಯಲ್ಲಿ 2 ಕಿ.ಮೀ. ಸೈಕಲ್ ಮತ್ತು 500 ಮೀಟರ್ ಓಟ. ಸಂಜೆ ಆಟದ ಬಯಲಿನಲ್ಲಿ ಮಕ್ಕಳು ಇದಕ್ಕಿಂತ ಹೆಚ್ಚು ಓಡುತ್ತಾರೆ.

ಹಾಗಿದ್ದರೆ ಚಿಂತೆ ಎಲ್ಲಿತ್ತು? ಸೈಕಲ್ಲಿನಲ್ಲಾಗಲಿ ಓಟದಲ್ಲಾಗಲಿ ಇರಲಿಲ್ಲ. ಆ 50 ಮೀಟರ್ ನೀರಿನಲ್ಲಿತ್ತು.

ನಮ್ಮದು ಉಳ್ಳಾಲದ ಕುಟುಂಬ. ಒಂದು ಬದಿಗೆ ಅರಬಿ ಸಮುದ್ರ, ಇನ್ನೊಂದು ಬದಿಗೆ ನೇತ್ರಾವತಿ. ನದಿ ಕಡಲನ್ನು ಸೇರುವ ಅಳಿವೆಬಾಗಿಲಿನ ದಕ್ಷಿಣದ ದಡವೇ ಉಳ್ಳಾಲ. ಹೊರಗಿನವರು ಇದನ್ನು ಕೇಳಿದರೆ ಅಲ್ಲಿನ ಮಕ್ಕಳೆಲ್ಲ ಮೀನಿನಂತೆ ಈಜುತ್ತಾರೆಂದು ಭಾವಿಸುತ್ತಾರೆ. ಮೀನುಗಾರರ ಮನೆಗಳಲ್ಲಿ ಅದು ನಿಜವೂ ಹೌದು. ನಮ್ಮ ಮನೆಯಲ್ಲಿ ಮಾತ್ರ ಒಬ್ಬರಿಗೂ ಈಜು ಬಾರದು. ಉಮ್ಮನ ಕಿರಿಯ ಸಹೋದರ ಹತ್ತನೆಯ ವಯಸ್ಸಿನಲ್ಲಿ ಮಳೆಗಾಲದ ಹೊಳೆಯಲ್ಲಿ ಮುಳುಗಿ ತೀರಿಹೋದರು. ಅಂದಿನಿಂದ ಆ ಮನೆಯಲ್ಲಿ ನೀರು ಎಂದರೆ ಬಾವಿಯಿಂದ ಸೇದಿ ತರುವ ನೀರು, ವುಝೂವಿನ ನೀರು, ಅಷ್ಟೆ. ಉಮ್ಮ ಹೆತ್ತ ಐವರಲ್ಲಿ ಯಾರೊಬ್ಬರೂ ಮೊಣಕಾಲಿಗಿಂತ ಆಳದ ನೀರಿಗೆ ಇಳಿದವರಲ್ಲ. ಸೋಮೇಶ್ವರದ ಕಡಲತೀರಕ್ಕೆ ಹೋದಾಗಲೂ ನಾವು ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆಯೇ ನಿಂತು ಬರುತ್ತಿದ್ದೆವು. ಯಾರನ್ನೂ ದೂಷಿಸುವಂತಿಲ್ಲ. ತಮ್ಮನ ಮಯ್ಯಿತನ್ನು ಅಂಗಳದಲ್ಲಿ ಕಂಡ ಹುಡುಗಿ ಮುಂದೆ ತಾಯಿಯಾದಾಗ ಬೇರೆ ಯಾವ ನಿಯಮವನ್ನು ಮಾಡಿಯಾಳು?

ಆದರೆ ಈಜು ಬಾರದವರ ಮನೆಯಲ್ಲಿ ಭಯ ಪರಂಪರೆಯಾಗಿ ಇಳಿದುಬರುತ್ತದೆ, ಅಪಾಯ ಮಾತ್ರ ಕಡಿಮೆಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಮೃತಪಟ್ಟರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷಕ್ಕಿಂತ ಕಿರಿಯ ಮಕ್ಕಳು. ಕೊಲ್ಲಿ ರಾಷ್ಟ್ರಗಳಲ್ಲಿ ಕಟ್ಟಡಕ್ಕೊಂದು ಈಜುಕೊಳವಿರುವುದು ಸಾಮಾನ್ಯ. ಮಗು ಎಂದಾದರೊಂದು ದಿನ ಅದರ ಬಳಿ ಹೋಗಿಯೇ ಹೋಗುತ್ತದೆ. ಮಕ್ಕಳಿಗೆ ಈಜು ಕಲಿಸಬೇಕೆಂಬ ಮಾತನ್ನು ನಮ್ಮ ಹಿರಿಯರು ಉಮರ್(ರ) ಅವರ ಹೆಸರಿನಲ್ಲಿ ಉಲ್ಲೇಖಿಸುವುದುಂಟು. ಪ್ರವಾದಿ(ಸ)ಯವರು ಪತ್ನಿ ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ನಡೆಸಿದ ಪ್ರಸಂಗವಂತೂ ಎಲ್ಲರಿಗೂ ತಿಳಿದದ್ದೇ. ಒಮ್ಮೆ ಅವರು ಗೆದ್ದರು, ಮತ್ತೊಮ್ಮೆ ಇವರು. ಆದರೂ ಕ್ರೀಡೆಯೆಂದರೆ ಕಾಲಹರಣ, ಅದರಲ್ಲೂ ಹೆಣ್ಣುಮಕ್ಕಳಿಗೆ ಅನಗತ್ಯ ಎಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಅದು ಎಲ್ಲಿಂದ ಬಂತೋ.

ಮಗಳನ್ನು ಈಜಿಗೆ ಸೇರಿಸಿದಾಗ ಟ್ರಯಥ್ಲಾನಿನ ಯೋಚನೆ ನಮಗಿರಲಿಲ್ಲ. ಕಲಿಸುವವರು ಫಿಲಿಪ್ಪೀನ್ಸ್ ದೇಶದ ಒಬ್ಬ ಮಹಿಳೆ. ಮಾತು ಕಡಿಮೆ, ತಾಳ್ಮೆ ಅಪಾರ. ಮೊದಲ ನಾಲ್ಕು ವಾರ ಮಗಳು ಮುಖವನ್ನೇ ನೀರಿಗೆ ಇಡಲಿಲ್ಲ. ಕೊಳದ ಅಂಚಿನಲ್ಲಿ ಕುಳಿತು ಕಾಲು ಬಡಿಯುವುದು, ಬೊಗಸೆ ನೀರಿನಲ್ಲಿ ಗುಳ್ಳೆ ಊದುವುದು, ಇಷ್ಟೇ ಪಾಠ. ಕೈ ಬೀಸುವುದನ್ನು ಕಲಿಸುವುದಕ್ಕೆ ಬಹಳ ಮೊದಲೇ ಅವರು ಕಲಿಸಿದ್ದು ಅಂಗಾತ ಮಲಗುವುದನ್ನು. ಕಿವಿಗಳು ನೀರಿನೊಳಗೆ, ಹೊಟ್ಟೆ ಮೇಲಕ್ಕೆ, ಕಣ್ಣು ಚಾವಣಿಯತ್ತ. ದಣಿದಾಗ, ಹೆದರಿದಾಗ, ಏನು ಮಾಡಬೇಕೆಂದು ತೋಚದಾಗ ಮಾಡಬೇಕಾದ ಮೊದಲ ಕೆಲಸ ಇದೇ ಎಂದು ಅವರು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದರು. ನೋಡುತ್ತಾ ಕುಳಿತ ನಮಗೂ ಅದು ಬಾಯಿಪಾಠವಾಗಿತ್ತು.

ಶಾಲೆಯ ಗೆಳತಿಯೊಬ್ಬಳು ಟ್ರಯಥ್ಲಾನಿಗೆ ಹೆಸರು ಕೊಟ್ಟಳೆಂದು ಇವಳೂ ಹಟ ಹಿಡಿದಳು. ಫೋನಿನಲ್ಲಿ ಈ ಸುದ್ದಿ ಕೇಳಿದ ಉಮ್ಮ ಸ್ವಲ್ಪ ಹೊತ್ತು ಮಾತನಾಡಲಿಲ್ಲ. "ಸೈಕಲ್ ತುಳಿಯಲಿ, ಓಡಲಿ. ನೀರು ಬೇಡ" ಎಂದರು. ಮೂರೂ ಸೇರಿದರೆ ಮಾತ್ರ ಅದು ಟ್ರಯಥ್ಲಾನ್ ಎಂದು ವಿವರಿಸಿದೆವು. "ಹಾಗಾದರೆ ಅದು ಬೇಡ" ಎಂದರು. ಬೇಡವೆಂದದ್ದನ್ನು ಅವರು ಹಿಂತೆಗೆದುಕೊಳ್ಳಲೂ ಇಲ್ಲ, ನಮ್ಮನ್ನು ತಡೆಯಲೂ ಇಲ್ಲ. ಪ್ರತಿ ಶುಕ್ರವಾರ ಕರೆ ಮಾಡಿದಾಗ ಒಂದೇ ಪ್ರಶ್ನೆ: "ಅವಳು ಮಲಗಲು ಕಲಿತಳೇ?"

ಈ ಕ್ರೀಡೆಯ ವಯಸ್ಸು ಬಹಳವೇನಲ್ಲ. ಇಂದಿನ ರೂಪದ ಮೊದಲ ಟ್ರಯಥ್ಲಾನ್ 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇಯಲ್ಲಿ ನಡೆಯಿತು. ಅಲ್ಲಿನ ಓಟಗಾರರ ಸಂಘವೊಂದು ಬದಲಾವಣೆಗೆಂದು ಏರ್ಪಡಿಸಿದ ಆಟ ಅದು, ಪಾಲ್ಗೊಂಡವರು 46 ಮಂದಿ. 2000ದ ಸಿಡ್ನಿ ಕೂಟದಲ್ಲಿ ಅದು ಒಲಿಂಪಿಕ್ಸ್ ಪ್ರವೇಶಿಸಿತು. ಆರಂಭದ ಆ ಸ್ಪರ್ಧೆ ಓಟದಿಂದ ಮೊದಲಾಗಿತ್ತು. ಈಗ ಎಲ್ಲೆಡೆ ಈಜು ಮೊದಲು. ದಣಿದ ದೇಹಕ್ಕೆ ನೆಲದ ಮೇಲೆ ಆಯ ತಪ್ಪಿದರೆ ಕುಳಿತುಕೊಳ್ಳಬಹುದು, ನೀರಿನಲ್ಲಿ ಕುಳಿತುಕೊಳ್ಳಲು ಸ್ಥಳವಿಲ್ಲ. ಆದ್ದರಿಂದ ಅಪಾಯವಿರುವ ಭಾಗವನ್ನು ಮೈಯಲ್ಲಿ ಕಸುವಿರುವಾಗಲೇ ಮುಗಿಸಿಬಿಡುವುದು ಕ್ರಮ. ಇದನ್ನು ಉಮ್ಮನಿಗೆ ಹೇಳಿದಾಗ ಮಾತ್ರ ಅವರು "ಅದು ಸರಿ" ಎಂದರು.

ನವೆಂಬರಿನ ಒಂದು ಶನಿವಾರ ಸ್ಪರ್ಧೆ. ಫಜ್ರ್ ನಮಾಝ್ ಮುಗಿಸಿ ಹೊರಟೆವು. ಮಕ್ಕಳ ತೋಳಿನ ಮೇಲೆ ಮಾರ್ಕರಿನಿಂದ ಸಂಖ್ಯೆ ಬರೆದು, ಸಮಯ ಅಳೆಯುವ ಚಿಪ್ ಅಡಗಿಸಿದ ಪಟ್ಟಿಯನ್ನು ಕಣಕಾಲಿಗೆ ಬಿಗಿದರು. ಉಡುಪಿನ ಬಗ್ಗೆ ಕೇಳುವ ಓದುಗರಿದ್ದಾರೆ: ಅವಳು ತೊಟ್ಟದ್ದು ಮಣಿಕಟ್ಟಿನಿಂದ ಕಣಕಾಲಿನವರೆಗೆ ಮುಚ್ಚುವ ಈಜುಡುಗೆ. ಅಂತಹ ಉಡುಗೆಯಲ್ಲಿ ಬೇರೆ ಹುಡುಗಿಯರೂ ಇದ್ದರು, ಬಿಸಿಲಿಗೆ ಚರ್ಮ ಸುಡಬಾರದೆಂದು ತೊಟ್ಟ ಬಿಳಿಯ ಮಕ್ಕಳೂ ಇದ್ದರು. ಯಾರೂ ಯಾರನ್ನೂ ತಿರುಗಿ ನೋಡಲಿಲ್ಲ.

ಈಜು ಮುಗಿಸಿ ಬಂದವರು ಸೈಕಲ್ ಏರಲು ಸಜ್ಜಾಗುವ ಜಾಗಕ್ಕೆ ಟ್ರಾನ್ಸಿಷನ್ ಎನ್ನುತ್ತಾರೆ. ಹೆತ್ತವರಿಗೆ ಅದರೊಳಗೆ ಪ್ರವೇಶವಿಲ್ಲ. ಹಿಂದಿನ ದಿನ ಮನೆಯ ಹಜಾರದಲ್ಲಿ ಆರು ಬಾರಿ ಅಭ್ಯಾಸ ಮಾಡಿಸಿದ್ದೆವು. ಟವೆಲಿನ ಮೇಲೆ ಶೂ, ಅದರೊಳಗೆ ಒದ್ದೆ ಕಾಲು ಜಾರಲೆಂದು ಒಂದಿಷ್ಟು ಪೌಡರ್, ಲೇಸಿನ ಬದಲು ಎಲಾಸ್ಟಿಕ್, ಸೈಕಲ್ಲಿನ ಹಿಡಿಯ ಮೇಲೆ ಅಂಗಾತ ಇಟ್ಟ ಹೆಲ್ಮೆಟ್. ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿಯುವ ಮೊದಲು ಸೈಕಲನ್ನು ಮುಟ್ಟುವಂತಿಲ್ಲ. ಒಲಿಂಪಿಕ್ಸ್ ಆಟಗಾರರಿಗೂ ಏಳರ ಮಗುವಿಗೂ ಈ ನಿಯಮ ಒಂದೇ. ಸುತ್ತಲೂ ನೋಡಿದರೆ ನಮ್ಮ ತಿಂಗಳ ಬಾಡಿಗೆಯನ್ನು ಮೀರುವ ಬೆಲೆಯ ಸೈಕಲುಗಳಿದ್ದವು. ಇವಳದು ನೆರೆಯವರಿಂದ ಕೊಂಡ ಹಳೆಯದು, ಮುಂದುಗಡೆ ಹೂವಿನ ಚಿತ್ರದ ಬುಟ್ಟಿ ಬೇರೆ. ಬುಟ್ಟಿ ತೆಗೆಯೋಣವೆಂದರೆ ಒಪ್ಪಲಿಲ್ಲ.

ಕೊಳದ ಉದ್ದ 25 ಮೀಟರ್. ಒಮ್ಮೆ ಹೋಗಿ ಹಿಂದಿರುಗಿದರೆ ಈಜು ಮುಗಿಯಿತು. ಸೀಟಿ ಊದಿದಾಗ ನಾವು ಬೇಲಿಯಾಚೆ ನಿಂತಿದ್ದೆವು, ಕೊಳದಿಂದ ಹತ್ತು ಹೆಜ್ಜೆ ದೂರ. ಹೋಗುವಾಗ ಚೆನ್ನಾಗಿಯೇ ಹೋದಳು. ಗೋಡೆ ಮುಟ್ಟಿ ತಿರುಗಿದಳು. ಮರಳುವ ದಾರಿಯ ನಡುವೆ ಪಕ್ಕದ ಹುಡುಗನ ಕಾಲು ಎಬ್ಬಿಸಿದ ನೀರು ಬಾಯಿಗೆ ಹೋಗಿರಬೇಕು. ಕೆಮ್ಮುತ್ತಾ ತಲೆ ಎತ್ತಿದಳು, ಕಾಲು ಕೆಳಗೆ ಚಾಚಿದಳು. ತಳ ಸಿಗಲಿಲ್ಲ. ಕೈ ಬಡಿದು ಪಕ್ಕದ ಹಗ್ಗವನ್ನು ಹಿಡಿದಳು.

ಆ ಹೊತ್ತಿನಲ್ಲಿ ನಮ್ಮಿಬ್ಬರಲ್ಲಿ ಯಾರು ಮೊದಲು ಬೇಲಿಯನ್ನು ದೂಡಿದರೆಂದು ಈಗ ಹೇಳಲಾಗದು. ನಮ್ಮಿಬ್ಬರಿಗೂ ಈಜು ಬಾರದು ಎಂಬುದಂತೂ ಆಗ ನೆನಪಿರಲಿಲ್ಲ. ಕೊಳದ ಅಂಚಿನಲ್ಲಿದ್ದ ಜೀವರಕ್ಷಕ ಅಷ್ಟರಲ್ಲಿ ಅವಳ ನೇರಕ್ಕೆ ಬಂದು ಮಂಡಿಯೂರಿ ಕುಳಿತಿದ್ದ. ನಮ್ಮತ್ತ ತಿರುಗದೆಯೇ ಒಂದು ಕೈಯನ್ನು ಹಿಂದಕ್ಕೆ ಚಾಚಿ, ನಿಲ್ಲಿ ಎಂದು ಸನ್ನೆ ಮಾಡಿದ. ಹಗ್ಗ ಹಿಡಿದು ವಿಶ್ರಮಿಸಲು ನಿಯಮದಲ್ಲಿ ಅವಕಾಶವಿದೆ, ಅದನ್ನು ಎಳೆದು ಮುಂದೆ ಸಾಗುವಂತಿಲ್ಲ ಅಷ್ಟೆ. ಅವನು ಅವಳೊಂದಿಗೆ ಮಾತನಾಡುತ್ತಿದ್ದ, ಏನೆಂದು ಕೇಳಿಸಲಿಲ್ಲ. ಉಳಿದ ಮಕ್ಕಳು ಒಬ್ಬೊಬ್ಬರಾಗಿ ದಾಟಿ ಹೋದರು. ನಾವು ದುಆ ಹೇಳುತ್ತಿದ್ದೆವು, ಶಬ್ದಗಳು ಒಂದರ ಮೇಲೊಂದು ಬೀಳುತ್ತಿದ್ದವು. ಉಳ್ಳಾಲದ ಆ ಅಂಗಳ, ನಾವು ಎಂದೂ ಕಾಣದ ಆ ಹುಡುಗ, ಎಲ್ಲವೂ ಆ ನೀಲಿ ನೀರಿನ ಮೇಲೆ ಬಂದು ನಿಂತಂತಾಯಿತು.

ಅವಳು ಹಗ್ಗ ಬಿಟ್ಟಳು. ಬಿಟ್ಟವಳು ಅಂಗಾತ ಮಲಗಿದಳು. ಕಿವಿ ಒಳಗೆ, ಹೊಟ್ಟೆ ಮೇಲಕ್ಕೆ. ಒಂದೆರಡು ಉಸಿರು ಹಾಗೆಯೇ ತೇಲಿದಳು. ಬಳಿಕ ಕಾಲು ಬಡಿಯತೊಡಗಿದಳು. ಟ್ರಯಥ್ಲಾನಿನಲ್ಲಿ ಇಂತಹದೇ ಶೈಲಿಯಲ್ಲಿ ಈಜಬೇಕೆಂಬ ಕಟ್ಟಳೆಯಿಲ್ಲ, ಬೆನ್ನ ಮೇಲೂ ಈಜಬಹುದು. ಆಕಾಶ ನೋಡುತ್ತಾ, ಆಗಾಗ ಹಗ್ಗಕ್ಕೆ ತಾಗುತ್ತಾ, ಓರೆಕೋರೆಯಾಗಿ ಬಂದು ಗೋಡೆಗೆ ತಲೆ ತಾಗಿಸಿಯೇ ನಿಂತಳು. ಅಲ್‌ಹಮ್ದುಲಿಲ್ಲಾಹ್.

ಉಳಿದದ್ದರ ಕತೆ ಬೇಗ ಹೇಳಬಹುದು. ಟ್ರಾನ್ಸಿಷನ್‌ನಲ್ಲಿ ನಾಲ್ಕು ನಿಮಿಷ ಕಳೆದಳು. ಒದ್ದೆ ಬೆರಳುಗಳಿಗೆ ಹೆಲ್ಮೆಟ್ಟಿನ ಕೊಂಡಿ ಸಿಗುತ್ತಿರಲಿಲ್ಲ. ಬೇಲಿಯ ಈಚೆ ಒಬ್ಬ ತಂದೆ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ತನ್ನ ಮಗನನ್ನು ಗದರುತ್ತಿದ್ದರು. ಎಂಟು ವರ್ಷದ ಹುಡುಗ ಅಳುತ್ತಾ ಶೂ ಏರಿಸುತ್ತಿದ್ದ. ಮಗುವಿನ ಆಟದಲ್ಲಿ ಹೆತ್ತವರು ತಮ್ಮ ಬಾಕಿಯನ್ನು ವಸೂಲು ಮಾಡತೊಡಗಿದರೆ ಅದನ್ನು ಆಟವೆನ್ನಲು ನಮಗೆ ಮನಸ್ಸು ಬಾರದು.

ಸೈಕಲ್ಲಿಗೆ ಮೂರು ಸುತ್ತು. ಸುತ್ತಿನ ಲೆಕ್ಕ ಮಗುವೇ ಇಡಬೇಕು. ಮಕ್ಕಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ, ಎರಡೇ ಸುತ್ತಿಗೆ ಇಳಿದವರೂ ನಾಲ್ಕನೆಯದಕ್ಕೆ ಹೊರಟವರೂ ಅಂದು ಕಂಡರು. ಇವಳು ಹೇಗೆ ನಿಭಾಯಿಸುತ್ತಾಳೋ ಎಂದುಕೊಳ್ಳುತ್ತಿರುವಾಗ ನಮ್ಮ ಮುಂದೆ ಹಾದುಹೋದ ಅವಳ ಬಾಯಿಂದ "ಸುಬ್‌ಹಾನಲ್ಲಾಹ್, ಸುಬ್‌ಹಾನಲ್ಲಾಹ್" ಎಂದು ಕೇಳಿಸಿತು. ಎರಡನೆಯ ಬಾರಿ ಬಂದಾಗ "ಅಲ್‌ಹಮ್ದುಲಿಲ್ಲಾಹ್". ಮೂರನೆಯ ಸುತ್ತಿಗೆ "ಅಲ್ಲಾಹು ಅಕ್ಬರ್". ನಮಾಝಿನ ಬಳಿಕ ಹೇಳುವ ತಸ್ಬೀಹಿನ ಕ್ರಮ ಅದು. ಬೆರಳ ಗೆಣ್ಣುಗಳ ಮೇಲೆ ಅದನ್ನು ಎಣಿಸಲು ರಜೆಯಲ್ಲಿ ಉಮ್ಮ ಅವಳಿಗೆ ಕಲಿಸಿದ್ದರು. ಹಿಡಿಯಿಂದ ಬೆರಳು ತೆಗೆಯುವಂತಿರಲಿಲ್ಲವಾದ್ದರಿಂದ ಅವಳೇ ಈ ಉಪಾಯ ಕಂಡುಕೊಂಡಿದ್ದಳು. ನಮಗೆ ಯಾರೂ ಹೇಳಿರಲಿಲ್ಲ.

ಸೈಕಲಿನಿಂದ ಇಳಿದು ಓಡತೊಡಗಿದವರ ಕಾಲುಗಳು ಮೊದಲಿಗೆ ತಮ್ಮದಲ್ಲವೆಂಬಂತೆ ಭಾರವಾಗುತ್ತವೆ. ದೊಡ್ಡವರಿಗೂ ಹಾಗೆಯೇ. ಅದಕ್ಕೆಂದೇ ಆಟಗಾರರು ಸೈಕಲ್ ತುಳಿದ ಕೂಡಲೇ ಓಡುವ ಅಭ್ಯಾಸವನ್ನು ಪ್ರತ್ಯೇಕವಾಗಿ ಮಾಡುತ್ತಾರೆ. ಇವಳು ಹತ್ತು ಹೆಜ್ಜೆ ಬಾತುಕೋಳಿಯಂತೆ ನಡೆದು ಬಳಿಕ ಓಡಿದಳು, ಹೆಲ್ಮೆಟ್ ತೆಗೆಯುವುದನ್ನು ಮರೆತು. ಇಡೀ 500 ಮೀಟರ್ ತಲೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡೇ ಓಡಿ ಗೆರೆ ದಾಟಿದಳು. ಜನ ನಕ್ಕರು, ಅವಳೂ ನಕ್ಕಳು. ಕಾರಣ ಅವಳಿಗೆ ತಿಳಿದದ್ದು ಪದಕ ಹಾಕಲು ಬಂದ ಸ್ವಯಂಸೇವಕಿ ಹೆಲ್ಮೆಟ್ಟಿನ ಮೇಲಿಂದ ಅದನ್ನು ಇಳಿಸಲಾಗದೆ ನಿಂತಾಗ. 23 ಮಕ್ಕಳಲ್ಲಿ ಅವಳದು 21ನೆಯ ಸ್ಥಾನ. ಪದಕ ಎಲ್ಲರಿಗೂ ಇತ್ತು. ಎಲ್ಲರಿಗೂ ಕೊಟ್ಟರೆ ಪದಕಕ್ಕೆ ಏನು ಬೆಲೆ ಎಂದು ಹಿಂದೆ ನಾವೂ ವಾದಿಸಿದ್ದುಂಟು. ಹಗ್ಗವನ್ನು ಬಿಟ್ಟ ಆ ಕ್ಷಣಕ್ಕೆ ಯಾವ ಸ್ಥಾನ ಕೊಡುವುದು ಎಂದು ಅಂದು ಯೋಚಿಸಿದೆವು.

ಸಂಜೆ ಉಮ್ಮನಿಗೆ ಕರೆ ಮಾಡಿದೆವು. ನಡೆದದ್ದನ್ನು ಮುಚ್ಚಿಡಲಿಲ್ಲ. ಪರದೆಯ ಮೇಲೆ ಉಮ್ಮ ಪದಕವನ್ನು ನೋಡಲಿಲ್ಲ, ಬುಟ್ಟಿಯ ಸೈಕಲ್ಲಿನ ಫೋಟೋವನ್ನೂ ನೋಡಲಿಲ್ಲ. ಎಷ್ಟು ಹೊತ್ತು ಹಗ್ಗ ಹಿಡಿದಿದ್ದಳು ಎಂದು ಕೇಳಿದರು. ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಎಂದೆವು. ಆಮೇಲೆ ಏನು ಮಾಡಿದಳು ಎಂದರು. ಮಗಳು ತಾನೇ ಹಾಸಿಗೆಯ ಮೇಲೆ ಅಂಗಾತ ಮಲಗಿ, ಕೈಗಳನ್ನು ಅಗಲಿಸಿ ತೋರಿಸಿದಳು. "ಇಷ್ಟೇ, ಅಜ್ಜಿ. ಸುಮ್ಮನೆ ಮಲಗುವುದು."

ಉಮ್ಮ ಬಹಳ ಹೊತ್ತು ನೋಡಿದರು. ಬಳಿಕ, ನಮ್ಮ ನೆನಪಿನಲ್ಲಿ ಮೊದಲ ಬಾರಿಗೆ, ತಮ್ಮನ ಬಗ್ಗೆ ಮಾತನಾಡಿದರು. ಅವನಿಗೆ ಈಜು ಬರುತ್ತಿತ್ತು ಎಂದರು. ಹೊಳೆಯ ಆಚೆ ದಡಕ್ಕೆ ಹೋಗಿ ಬರುತ್ತಿದ್ದನಂತೆ, ಅವನಷ್ಟು ಬಲವಾಗಿ ಕೈ ಬೀಸುವವರು ಓರಗೆಯಲ್ಲಿ ಇರಲಿಲ್ಲವಂತೆ. ಅಂದು ಸೆಳೆತಕ್ಕೆ ಎದುರಾಗಿ ಕೈ ಬೀಸುತ್ತಲೇ ಇದ್ದದ್ದನ್ನು ದಡದಿಂದ ನೋಡಿದವರಿದ್ದಾರೆ. "ಮಲಗಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ" ಎಂದರು. ಅವನ ಹೆಸರನ್ನೂ ಹೇಳಿದರು. ಮಗಳು ಅದನ್ನು ಎರಡು ಬಾರಿ ಉಚ್ಚರಿಸಿ ನೋಡಿದಳು.

ಕರೆ ಮುಗಿಸುವ ಮುನ್ನ ಉಮ್ಮ ನಮ್ಮ ಕಿರಿಯವನನ್ನು ಕೇಳಿದರು. ಅವನಿಗೆ ನಾಲ್ಕು ವರ್ಷ. ಅವನನ್ನು ಯಾವಾಗ ಸೇರಿಸುತ್ತೀರಿ ಎಂದರು. ಜನವರಿಯಲ್ಲಿ ಸೇರಿಸಿದೆವು, ಅದೇ ಕೊಳ, ಅದೇ ಶಿಕ್ಷಕಿ. ಆರು ವಾರ ಕಳೆದಿದೆ. ಇನ್ನೂ ಮುಖವನ್ನು ನೀರಿಗೆ ಇಟ್ಟಿಲ್ಲ.