ಮುಳ್ಳುಹಣ್ಣುಗಳ ಕರಾವಳಿ

ಭಟ್ಕಳದ ಪೇಟೆ. ಮೇ ಕೊನೆಯ ಸೆಕೆಗೆ ಅಂಗಿ ಬೆನ್ನಿಗಂಟಿದೆ. ಬುಟ್ಟಿಯಲ್ಲಿ ಮುಷ್ಟಿಗಾತ್ರದ ಹಳದಿ ಹಣ್ಣುಗಳು, ಮೈತುಂಬ ಮುಳ್ಳು. ಹಡಗಿನಲ್ಲಿ ದುಡಿದು ಬಂದ ಹಿರಿಯರೊಬ್ಬರು ಪಕ್ಕದಲ್ಲೇ ಮಲ್ಲಿಗೆ ಚೌಕಾಸಿ ಮಾಡುತ್ತಿದ್ದಾರೆ. "ಸಿಂಗಾಪುರದಲ್ಲಿ ಡುರಿಯನ್ ಅಂತ ಉಂಟು. ರೈಲಿನೊಳಗೆ ಬಿಡೋದಿಲ್ಲ, ಅಂಥ ವಾಸನೆ! ಇದು ಹೆಬ್ಬಲಸು, ಹೆದರಬೇಡಿ" ಎನ್ನುತ್ತಾರೆ.

ಮುಳ್ಳು ಚುಚ್ಚುವುದೇ ಇಲ್ಲ! ಉಗುರಿನಿಂದ ಸಿಪ್ಪೆ ಸುಲಿದರೆ ಕಿತ್ತಳೆ ಬಣ್ಣದ ಪುಟ್ಟ ತೊಳೆಗಳು, ಸಿಹಿಯ ಹಿಂದೆಯೇ ಹುಳಿ. ನಮ್ಮ ತುಮಕೂರಿನಲ್ಲಿ ಹಲಸು ಬುಡದಲ್ಲೇ ಕೈಗೆ ಸಿಗುತ್ತದೆ; ಇಲ್ಲಿ ಹೆಬ್ಬಲಸು ಮುಗಿಲಿಗೆ ಹತ್ತಿರ. ಮೊದಲ ಪಾಲು ಬಾವಲಿಗೂ ಮಂಗನಿಗೂ. ನೋಟಕ್ಕೆ ಒಂದೇ ಜಾತಿಯಂತಿದ್ದರೂ ಡುರಿಯನ್ ಬೂರುಗದ ಬಳಗ, ಹಲಸು-ಹೆಬ್ಬಲಸು ಆಲ-ಅತ್ತಿಯ ಬಳಗ. ಡುರಿಯನ್ ಮರವನ್ನೇ ನೋಡಬೇಕೆಂದರೆ ನೀಲಗಿರಿಯ ಬರ್ಲಿಯಾರ್ ತೋಟಕ್ಕೆ ಹೋಗಬಹುದು.

ಹೊನ್ನಾವರದಲ್ಲಿ ಶರಾವತಿಯ ದಡದ ಮೇಲೆ ಹಳೆಯ ದೋಣಿಯೊಂದು ಕವುಚಿ ಬಿದ್ದಿದೆ. ಹೆಬ್ಬಲಸಿನ ಹಲಗೆಯದಂತೆ. ಈಗಿನವೆಲ್ಲ ಫೈಬರ್.

ಜೋಗದ ದಾರಿ ಹಿಡಿದು ಘಟ್ಟ ಹತ್ತುತ್ತೇನೆ. ಸಿದ್ದಾಪುರ ತಾಲ್ಲೂಕಿಗೆ ಕಾಲಿಟ್ಟೊಡನೆ ಕತ್ತಲೆಕಾನು, ಹೆಸರಿಗೆ ತಕ್ಕಂತೆ ನಡುಹಗಲಲ್ಲೂ ಮಬ್ಬು. ಕೆಸರಿನಿಂದ ಮಂಡಿ ಮಡಚಿದಂತೆ ಮೇಲೆದ್ದ ಬೇರುಗಳು, ರಾಮಪತ್ರೆಯ ಜಡ್ಡಿ, ಅಂದರೆ ಜೌಗುಕಾಡು. ಮೇಲೆ ಸಿಂಗಳೀಕ ಕಂಡೀತೆಂದು ಕತ್ತೆತ್ತಿ ನಿಂತರೆ ಕೆಳಗಿನಿಂದ ಉಂಬಳ ಏರುತ್ತಿದೆ. ಅಣ್ಣಾಮಲೈ ಕಡೆಯ ಸಿಂಗಳೀಕಗಳಿಗೆ ಡುರಿಯನ್ನಿನ ಕಾಡುಸಂಬಂಧಿ ಕುಲ್ಲೇನಿಯಾ ಮುಖ್ಯ ಆಹಾರ, ಅದರ ಕಾಯಿಯೂ ಮುಳ್ಳುಮುಳ್ಳು. ಈ ಕಾಡಿನಲ್ಲಿ ಆ ಮರವಿಲ್ಲ. ಆದರೂ ಬೈನೆ ಮೊದಲಾದ ಹಣ್ಣುಗಳನ್ನು ತಿಂದುಕೊಂಡು ಇಲ್ಲಿನ ಸಿಂಗಳೀಕಗಳು ಬದುಕಿವೆ, ತಮ್ಮ ನೆಲೆಯ ಉತ್ತರದ ತುದಿಯಲ್ಲಿ! ಇವುಗಳಿಗೆಂದೇ 2011ರಲ್ಲಿ ಸುಮಾರು 300 ಚದರ ಕಿಲೋಮೀಟರಿನ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಸಿಂಗಳೀಕ ಕಾಣಲಿಲ್ಲ, ಉಂಬಳ ಮಾತ್ರ ಧಾರಾಳ.

ಘಟ್ಟ ಇಳಿದು ಬಂದರೆ ಕುಮಟಾ ಸೀಮೆಯ ತೋಟದ ಮನೆ. "ಬನ್ನಿ, ಆಸರಿಗೆ ಎಂತ ಬೇಕು?" ಎನ್ನುತ್ತ ಆ ಮನೆಯ ಅಮ್ಮ ಮೆಟ್ಟುಗತ್ತಿಗೂ ನನ್ನ ಕೈಗೂ ತೆಂಗಿನೆಣ್ಣೆ ಸವರುತ್ತಾರೆ. ಹಲಸಿನಲ್ಲಿ ಬಕ್ಕೆ ಹಣ್ಣು ಕೊಯ್ದು ತಿನ್ನಲು, ಮೆತ್ತಗಿನ ಅಂಬಲಿ ಹಣ್ಣು ಕಡುಬಿಗೆ, ಬಲಿತ ಕಾಯಿಯ ಸೊಳೆ ಹಪ್ಪಳಕ್ಕೆ. ಬಾಳೆಲೆ ಬಿಚ್ಚಿದರೆ ಬಿಸಿ ಕಡುಬು, ಮೇಲೆ ತುಪ್ಪ. ಎರಡನೆಯದಕ್ಕೆ ಬೇಡವೆನ್ನುವ ಧೈರ್ಯ ಯಾರಿಗಿದೆ?

ಅಷ್ಟರಲ್ಲಿ ಮೋಡ. ಅಂಗಳದಲ್ಲಿ ಒಣಗುತ್ತಿದ್ದ ಹಪ್ಪಳ ಎತ್ತಲು ಮನೆಮಂದಿಯೆಲ್ಲ ಓಡುತ್ತಾರೆ, ನಾನೂ ಹಿಂದೆಯೇ. ಮೇಣ ಮೆತ್ತಿದ ಬೆರಳಿಗೆ ಎತ್ತಿದ ಹಪ್ಪಳವೆಲ್ಲ ಅಂಟಿಕೊಳ್ಳುತ್ತಿದೆ. ಅಮ್ಮ ನಗುತ್ತ ಮತ್ತೆ ಎಣ್ಣೆಬಟ್ಟಲು ತರುತ್ತಾರೆ.