ತೊಗರಿ ಹೂ ನೋಡಲು ಹೋಗಿ

ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲ ಕಂಡರೆ ಸಾಕು, ಜನ ಕಾರು ನಿಲ್ಲಿಸಿ ಫೋಟೊಗೆ ಮುಗಿಬೀಳುತ್ತಾರೆ. ನವೆಂಬರಿನಲ್ಲಿ ಕಲಬುರಗಿಯಿಂದ ಸೇಡಂ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಹಸಿರಿನ ಮೇಲೆ ಹಳದಿ. ಆದರೆ ಅಲ್ಲಿ ಒಂದು ಬೈಕೂ ನಿಂತಿದ್ದನ್ನು ನಾನು ಕಾಣಲಿಲ್ಲ. ಮನಸ್ಸಿಗೆ ಪಿಚ್ಚೆನಿಸಿತು. ನಮ್ಮ ದಿನನಿತ್ಯದ ಸಾರು ಶುರುವಾಗುವುದೇ ಈ ಹೂವಿನಿಂದ.

ಕೋಟೆ, ದರ್ಗಾ, ಶರಣಬಸವೇಶ್ವರರ ಗುಡಿ ಒಂದೇ ದಿನದಲ್ಲಿ ಮುಗಿದವು. ಮರುದಿನವೆಲ್ಲ ಒಂದು ಎರಿ ಹೊಲದಲ್ಲಿ ಕಳೆಯಿತು.

ಗಿಡಗಳು ಆಳೆತ್ತರ. ಹಳದಿ ಎಸಳಿನ ಬೆನ್ನಿಗೆ ಕೆಂಪು ಗೀರು. ಒಂದೇ ಕೊಂಬೆಯಲ್ಲಿ ಮೊಗ್ಗು, ಹೂ, ಎಳೆಗಾಯಿ ಮೂರೂ ಇದ್ದವು. ಸಾಲಿನ ನಡುವೆ ಒಬ್ಬರು ತಾಡಪತ್ರಿ ಎಳೆಯುತ್ತಿದ್ದರು. ಅಕ್ಕಪಕ್ಕದಲ್ಲಿ ಇಬ್ಬರು ಗಿಡಗಳನ್ನು ಅದರ ಮೇಲೆ ಬಾಗಿಸಿ ಅಲುಗಾಡಿಸುತ್ತಿದ್ದರು. ಪಟಪಟನೆ ಹುಳ ಉದುರಿದವು, ಜೊತೆಗೆ ಒಣಗಿದ ಹೂಗಳೂ. ಅದು ಕಾಯಿಕೊರಕ. ಔಷಧಿಗೆ ಈ ಹುಳ ಬಗ್ಗದಂತಾದಾಗ ಈ ಭಾಗದ ರೈತರು ನೆಚ್ಚಿಕೊಂಡ ಉಪಾಯ ಇದು. ಉದುರಿದ ಹುಳ ಕೋಳಿಗಳಿಗೆ ಹಬ್ಬ. ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿ, ಪರಿಣಾಮಕಾರಿ ಎಂದು ಒಪ್ಪಿದ್ದಾರೆ.

‘ಹುಳಾ ಕಣ್ಣಿಗಿ ಕಾಣ್ತದ್ರಿ, ಝಾಡಿಸಬಹುದು. ನೆಟಿ ರೋಗ ಮಣ್ಣಾಗ ಇರ್ತದ. ಅದಕ್ಕೇನ್ ಮಾಡ್ತೀರಿ?’ ಎಂದರು ಹೊಲದ ಯಜಮಾನರು.

ಅವರು ತೋರಿಸಿದ ಮೂಲೆಯಲ್ಲಿ ಹೂ ಹೊತ್ತ ಗಿಡಗಳೇ ನಿಂತಲ್ಲಿ ಒಣಗಿದ್ದವು. ಮಣ್ಣಿನ ಶಿಲೀಂಧ್ರವೊಂದು ಬೇರಿನಿಂದ ಒಳಹೊಕ್ಕು ನೀರಿನ ದಾರಿಯನ್ನೇ ಮುಚ್ಚುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ಬೆಳೆಸಿದ, ಈ ರೋಗ ತಾಳಿಕೊಳ್ಳುವ ತಳಿ 1986ರಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಹೊಲಗಳಿಗೆ ಬಂತು. ನೆಟೆಯ ಕಾಟ ಮಾತ್ರ ಇನ್ನೂ ತೀರಿಲ್ಲ.

ಗಿಡವೇನೋ ಗಟ್ಟಿಗ. ಮಳೆ ನಿಂತ ಮೇಲೂ ಆಳದ ತೇವ ಹುಡುಕಿ ಬದುಕುತ್ತದೆ. ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಬೇರೆ ಬೆಳೆಗಳ ಕೈಗೆ ಸಿಗದ ರಂಜಕವನ್ನು ಇದರ ಬೇರು ಒಸರುವ ಆಮ್ಲ ಬಿಡಿಸಿಕೊಡುತ್ತದೆ. ಇದು 1990ರಲ್ಲಿ ಪ್ರಕಟವಾದ ಸಂಶೋಧನೆ. ಉದುರಿದ ಎಲೆ ಮುಂದಿನ ಬೆಳೆಗೆ ಗೊಬ್ಬರ. ಕಾಳು ಬಡಿದ ಮೇಲೆ ಉಳಿಯುವ ಕಟ್ಟಿಗೆ ಒಲೆಗೆ, ಬೇಲಿಗೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಆದರೂ ಪೇಟೆಯಲ್ಲಿ ಬೇಳೆ ದುಬಾರಿಯಾದರೆ ನಾವು ಗೊಣಗುತ್ತೇವೆ, ಕಾಳಿನ ದರ ಕುಸಿದ ವರ್ಷ ಇಲ್ಲಿನವರ ಪಾಡು ಕೇಳುವುದಿಲ್ಲ. ಇದು ಅನ್ಯಾಯ.

ಮಧ್ಯಾಹ್ನ ಬದುವಿನ ಮೇಲೆ ಜೋಳದ ರೊಟ್ಟಿ, ಬ್ಯಾಳಿ, ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ. ಸಿಪ್ಪೆ ಬಿಡಿಸುವಾಗ ನನ್ನ ಕೈಯ ಕಾಯಿಯೊಂದರಲ್ಲಿ ದುಂಡನೆ ತೂತು ಕಂಡಿತು. ಮನೆಯ ಹಿರಿಯಮ್ಮ ಅದನ್ನು ಕಿತ್ತುಕೊಂಡರು.

‘ಅದು ಹುಳದ ಪಾಲು ತಮ್ಮಾ. ನೀ ಇದು ತಿನ್ನು.’

ಬೊಗಸೆ ತುಂಬ ಬೇರೆ ಕಾಯಿ ಸುರಿದು, ಸೆರಗು ಬಿಗಿದು, ಉಳಿದ ಸಾಲುಗಳನ್ನು ಝಾಡಿಸಲು ಎದ್ದುಹೋದರು.