ಅತ್ತೆಯ ಬಿತ್ತನೆ ರಾಗಿ

ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುತ್ತಿದ್ದುದು ಕನ್ನಡ ಮತ್ತು ಸಮಾಜ. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಶಾಲೆಯ ವಿಜ್ಞಾನದ ಮೇಡಂ ಹೆರಿಗೆ ರಜೆಗೆ ಹೋದಾಗ ಅನುವಂಶೀಯತೆಯ ಪಾಠ ನನ್ನ ಕೊರಳಿಗೆ ಬಿತ್ತು. "ಪುಸ್ತಕ ನೋಡಿಕೊಂಡು ಹೇಳಿಬಿಡಿ, ನಿಮಗೇನು ಕಷ್ಟ?" ಎಂದರು ಹೆಡ್‌ಮಿಸ್. ಸಾರಿಗೆ ಒಗ್ಗರಣೆ ಹಾಕುತ್ತಲೇ ಓದಿದೆ. ಮೆಂಡೆಲ್ ಎಂಬ ಸನ್ಯಾಸಿ ಮಠದ ತೋಟದಲ್ಲಿ ಬಟಾಣಿ ಬೆಳೆದು, ಉದ್ದ ಗಿಡಕ್ಕೂ ಗಿಡ್ಡ ಗಿಡಕ್ಕೂ ಸಂಬಂಧ ಮಾಡಿಸಿ, ಮೊಮ್ಮಕ್ಕಳ ತಲೆಮಾರಿಗೆ ಮೂರು ಉದ್ದ, ಒಂದು ಗಿಡ್ಡ ಎಂದು ಲೆಕ್ಕ ಹಿಡಿದನಂತೆ. 1866ರಲ್ಲಿ ಅಚ್ಚಾದ ಅವನ ಬರಹವನ್ನು 1900ರವರೆಗೆ ಹೆಚ್ಚು ಜನ ಕಣ್ಣೆತ್ತಿ ನೋಡಲಿಲ್ಲವಂತೆ. ನನಗಂತೂ ಕಥೆ ಓದಿದಷ್ಟೇ ಖುಷಿಯಾಯಿತು.

ಆ ಹುಮ್ಮಸ್ಸಿನಲ್ಲೇ ಡಿಸೆಂಬರಿನಲ್ಲಿ ತುಮಕೂರು ಕಡೆಯ ನಮ್ಮ ಹಳ್ಳಿಗೆ ಹೋದೆ. ಅತ್ತೆ ಕಣದ ಮೂಲೆಯಲ್ಲಿ ಕುಳಿತು ಬಿತ್ತನೆಗೆ ರಾಗಿ ತೆನೆ ಆರಿಸುತ್ತಿದ್ದರು. ನಾನು ಎಲ್ಲಕ್ಕಿಂತ ದಪ್ಪ ತೆನೆಯೊಂದನ್ನು ಹುಡುಕಿ ಹಿಡಿದು, "ಅತ್ತೆಮ್ಮ, ಇಂಥದ್ದನ್ನು ಮಾತ್ರ ಇಟ್ಟುಕೊಳ್ಳಿ. ಬರುವ ವರ್ಷ ಹೊಲವೆಲ್ಲ ಹೀಗೇ ಇರುತ್ತೆ" ಎಂದೆ.

ಅವರು ತಲೆ ಎತ್ತಲಿಲ್ಲ. "ಮಳೆ ಕೈಕೊಟ್ಟ ವರ್ಸ ಅದೇ ಮೊದ್ಲು ಒಣಗೋದು ಕಣವ್ವ" ಎಂದು ಮುಷ್ಟಿ ಮಡಿಸಿದಂಥ ಸಣ್ಣ ತೆನೆಯನ್ನೂ, ಬೆರಳು ಬಿಡಿಸಿದಂಥ ತೆಳ್ಳನೆಯ ತೆನೆಯನ್ನೂ ಮೊರಕ್ಕೆ ಹಾಕಿಕೊಂಡರು. ಹೊಲದ ಒಂದೇ ಕಡೆಯಿಂದಲೂ ತರುತ್ತಿರಲಿಲ್ಲ. ಮೇಲಿನ ಬದುವಿಂದ ಅಷ್ಟು, ನೀರು ನಿಲ್ಲುವ ತಗ್ಗಿನಿಂದ ಇಷ್ಟು. ಹಳೆಯ ಕಾಲದವರು ಎಂದು ಮನಸ್ಸಿನಲ್ಲೇ ನಕ್ಕುಬಿಟ್ಟೆ.

ಅವರು ಮಾಡುತ್ತಿದ್ದುದು ಏನೆಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಆ ಹೊತ್ತಿಗೆ ಪಾಠ ಮುಗಿದಿದ್ದರೂ ಪುಸ್ತಕದ ರುಚಿ ಬಿಟ್ಟಿರಲಿಲ್ಲ. ನಾವು ನಮ್ಮದೇ ಎಂದುಕೊಂಡಿರುವ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಅಲ್ಲಿ ಸುಮಾರು 5000 ವರ್ಷಗಳ ಹಿಂದೆಯೇ ಅದು ಹೊಲಕ್ಕೆ ಬಂದಿತ್ತು. ನಮ್ಮ ರಸ್ತೆ ಬದಿಯಲ್ಲಿ ರಾಗಿ ತೆನೆಯಂತೆಯೇ ಸಣ್ಣ ಬೆರಳುಗಳಿರುವ ಒಂದು ಹುಲ್ಲು ಬೆಳೆಯುತ್ತದಲ್ಲ, ಆ ಜಾತಿಯೇ ರಾಗಿಯ ತಾಯಿ ಕಡೆಯದು. ಹುಲ್ಲಿನಲ್ಲಿ 18 ವರ್ಣತಂತು, ರಾಗಿಯಲ್ಲಿ ಎರಡು ಮನೆತನ ಕೂಡಿ 36. ತಂದೆ ಕಡೆಯ ಹುಲ್ಲು ಯಾವುದೆಂದು ಖಚಿತವಾಗಿ ಗುರುತಿಸಿದವರಿಲ್ಲ. ತಾಯಿಯೊಬ್ಬಳ ಹೆಸರಿನಲ್ಲೇ ಬದುಕಿದ ಮಕ್ಕಳು ನಮ್ಮಲ್ಲೂ ಇದ್ದಾರೆ, ಬಿಡಿ.

ಕಾಡು ರಾಗಿ ಬಲಿತೊಡನೆ ಕಾಳು ಉದುರಿಸುತ್ತದೆ. ಉದುರದಿದ್ದರೆ ಕಾಡಿನಲ್ಲಿ ಅದರ ವಂಶ ಬೆಳೆಯುವುದು ಹೇಗೆ? ಆದರೆ ಅಲ್ಲೊಂದು ಇಲ್ಲೊಂದು ಗಿಡ ಆಕಸ್ಮಿಕವಾಗಿ ಕಾಳು ಬಿಗಿಹಿಡಿದಿರುತ್ತದೆ. ಕೊಯ್ಯುವವರ ಕೈಗೆ ಸಿಕ್ಕಿ ಮನೆ ಸೇರಿದ್ದು ಅದೇ. ಮರುವರ್ಷ ಬಿತ್ತಿದ್ದೂ ಅದೇ. ಕಾಡಿನಲ್ಲಿ ಊನವಾಗಿದ್ದ ಗುಣ ಹೊಲದಲ್ಲಿ ಯೋಗ್ಯತೆಯಾಯಿತು. ಆ ಕೈಗಳಲ್ಲಿ ಹೆಚ್ಚಿನವು ಹೆಂಗಸರದೇ ಇದ್ದಿರಬೇಕು ಎಂಬುದು ನನ್ನ ಅನುಮಾನ.

ರಾಗಿಯ ಹೂವು ತೀರ ಸಣ್ಣದು. ತನ್ನ ಪರಾಗವೇ ತನಗೆ. ಹೊರಗಿನ ಸಂಬಂಧ ನೂರಕ್ಕೆ ಒಂದರಷ್ಟೂ ಅಪರೂಪ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಕೆ ಮಾಡಿಸಿ ಇಂಡಾಫ್ ತಳಿಗಳನ್ನು ತಂದದ್ದು ಸಣ್ಣ ಸಾಹಸವಲ್ಲ. ಎಷ್ಟೋ ಮನೆಗಳಲ್ಲಿ ಮುದ್ದೆ ದೊಡ್ಡದಾದದ್ದು ಅವರಿಂದ. ಆದರೆ ಹೂವು ತನ್ನಷ್ಟಕ್ಕೇ ಇದ್ದರೆ ಪ್ರತಿ ಗಿಡದ ಮಕ್ಕಳೂ ಹೆಚ್ಚುಕಡಿಮೆ ಆ ಗಿಡದ ಪಡಿಯಚ್ಚು. ಅಂದರೆ ಅತ್ತೆಯ ರಾಶಿ ಒಂದು ರಾಗಿಯಲ್ಲ, ಒಟ್ಟಿಗೆ ಬಾಳುತ್ತಿದ್ದ ಹತ್ತಾರು ಮನೆತನ. ಮಳೆ ಚೆನ್ನಾದ ವರ್ಷ ದಪ್ಪ ತೆನೆಯವರ ಪಾಲು ಹೆಚ್ಚುತ್ತದೆ, ಬರ ಬಂದರೆ ಗಿಡ್ಡರದು. ಬೆಂಕಿ ರೋಗ ಬಂದರೆ ಇನ್ಯಾರೋ ಉಳಿದುಕೊಳ್ಳುತ್ತಾರೆ. ನನ್ನ ಮಾತು ಕೇಳಿ ಒಂದೇ ತೆನೆ ಇಟ್ಟಿದ್ದರೆ ಒಬ್ಬರೇ ಉಳಿಯುತ್ತಿದ್ದರು.

ಆರಿಸುವ ತಪ್ಪೇ ಆಗಬೇಕೆಂದಿಲ್ಲ, ಬೀಜ ಕಡಿಮೆ ಇಟ್ಟರೂ ಸಾಕು. ಬಳೆ ಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿ ಕೈಹಾಕಿ ನಾಲ್ಕೇ ಬಳೆ ತೆಗೆಯಿರಿ. ಎರಡೇ ಎರಡಿದ್ದ ಹಸಿರು ಬಳೆ ಬಹುಶಃ ಬರುವುದೇ ಇಲ್ಲ. ಅದರಲ್ಲಿ ಹಸಿರಿನ ದೋಷವೇನೂ ಇಲ್ಲ.

ಅತ್ತೆ ಹೋಗುವ ಮುಂಚಿನ ವರ್ಷ ಮೂರು ಸೇರು ಬಿತ್ತನೆ ರಾಗಿಗೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಹಳೆಯ ಡಬ್ಬಿಯಲ್ಲಿ ನನ್ನ ಕೈಗೆ ಕೊಟ್ಟರು. ಹೊಲ ನೋಡಿಕೊಳ್ಳುವ ಮೈದುನ ಅಷ್ಟರಲ್ಲಿ ಅಂಗಡಿ ಬೀಜಕ್ಕೆ ತಿರುಗಿದ್ದ. ಡಬ್ಬಿ ಅಟ್ಟದ ಮೇಲಿತ್ತು. ಪರೀಕ್ಷೆಯ ದಿನಗಳು, ಮನೆತುಂಬ ನೆಂಟರು, ಹಿಟ್ಟು ಮುಗಿದಿತ್ತು. ಬೂದಿ ತೊಳೆದು, ಒಣಗಿಸಿ, ಗಿರಣಿಗೆ ಕಳಿಸಿದೆ. ಯಾರೂ ಹೇಳಲಿಲ್ಲ, ನಾನೇ ಕಳಿಸಿದೆ. ನಾಲ್ಕು ದಿನ ಮುದ್ದೆ ಉಂಡೆವು. ಅತ್ತೆಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಹೋದ ವರ್ಷ ಅತ್ತೆಯ ತಂಗಿಯ ಊರಿಗೆ ಮದುವೆಗೆ ಹೋಗಿದ್ದೆ. ಅಕ್ಕ ತಂಗಿ ಮೊದಲಿಂದ ಬೀಜ ಬದಲು ಮಾಡಿಕೊಳ್ಳುತ್ತಿದ್ದರೆಂದು ಮಾತಿನಲ್ಲಿ ಬಂತು. ಸಂಕೋಚ ಬಿಟ್ಟು ಗಿರಣಿಯ ಕಥೆ ಹೇಳಿಕೊಂಡೆ. ಆ ಚಿಕ್ಕತ್ತೆ ಬಯ್ಯಲಿಲ್ಲ. ಒಳಗೆ ಹೋಗಿ ಒಂದು ಸೇರು ತಂದು ನನ್ನ ಸೆರಗಿಗೆ ಸುರಿದರು.

"ಇದು ನಿಮ್ಮತ್ತೆ ರಾಗಿ ಒಂದೇ ಅಲ್ಲ ಕಣವ್ವ. ನಮ್ದೂ ಸೇರ್ಕೊಂಡೈತೆ" ಎಂದರು.

ಮೈದುನ ಗೊಣಗುತ್ತಲೇ ಬದುವಿನ ಪಕ್ಕ ನಾಲ್ಕು ಸಾಲು ಬಿಟ್ಟುಕೊಟ್ಟಿದ್ದಾನೆ. ತೆನೆ ಆರಿಸಲು ಎರಡು ದಿನ ರಜೆ ಹಾಕಿದ್ದೇನೆ.